ಸಾಕ್ಷಿಯ ‘ಹೂಂ’ ಒಪ್ಪಿಗೆಯೇ?: ಪಾಟೀಸವಾಲಿನಲ್ಲಿ ನನ್ನ ಅನುಭವ

ತಾಲ್ಲೂಕು ನ್ಯಾಯಾಲಯಗಳಲ್ಲಿ ಆರೋಪಿಗಳ ಪರವಾಗಿ ವಕಾಲತ್ತು ವಹಿಸುವ ನಾನು ಪಾಟೀಸವಾಲಿನಲ್ಲಿ, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವಾಗ, ಪ್ರಶ್ನೆ ಕೇಳುವ ಕ್ರಮವನ್ನು ಬದಲಿಸಿಕೊಂಡದ್ದು ಕುಡುಗೋಲಿನ ಹಲ್ಲೆಯ ಒಂದು ಪ್ರಕರಣದಲ್ಲಿ. ‘ಗಲಾಟೆಯ ಹೊತ್ತಿನಲ್ಲಿ ನೀವು ಅಲ್ಲಿ ಇರಲಿಲ್ಲ ಎಂದರೆ ಸರಿಯಲ್ಲವೇ?’ ಎಂದು ವಯಸ್ಸಾದ ಮಹಿಳಾ ಸಾಕ್ಷಿಯೊಬ್ಬರನ್ನು ಕೇಳಿದೆ. ಅವರು ‘ಹೂಂ’ ಎಂದರು. ನಮ್ಮಲ್ಲಿ ಸಾಕ್ಷ್ಯವನ್ನು ಸಾಮಾನ್ಯವಾಗಿ ಕಥನರೂಪದಲ್ಲಿ ಬರೆದುಕೊಳ್ಳುವುದರಿಂದ ವಕೀಲನ ಪ್ರಶ್ನೆಯೂ ಸಾಕ್ಷಿಯ ಉತ್ತರವೂ ಒಂದಾಗಿ, ಆಕೆಯದೇ ಮಾತೆಂಬಂತೆ ‘ನಾನು ಸ್ಥಳದಲ್ಲಿ ಇರಲಿಲ್ಲ ಎಂದರೆ ಸರಿ’ ಎಂದು ದಾಖಲಾಯಿತು.

ಹೇಳಿಕೆಯನ್ನು ಓದಿ ಹೇಳಿದಾಗ ಆಕೆ ಗಾಬರಿಯಿಂದ ‘ನಾನು ಅಲ್ಲೇ ಇದ್ದೆನಲ್ಲ’ ಎಂದರು. ಹಳ್ಳಿಯಲ್ಲಿ ಕಥೆ ಕೇಳುವವರು ಹೂಂಗುಟ್ಟುವುದು ಒಪ್ಪಿಗೆಯಿಂದಲ್ಲ, ಕೇಳುತ್ತಿದ್ದೇನೆಂದು ತಿಳಿಸಲು. ಆಕೆ ಮಾಡಿದ್ದೂ ಅಷ್ಟೇ. ಓದಿ ಹೇಳಿ ಅಗತ್ಯವಿದ್ದರೆ ತಿದ್ದಬೇಕೆಂಬ ಅಂದಿನ ದಂಡ ಪ್ರಕ್ರಿಯಾ ಸಂಹಿತೆಯ 278ನೇ ಕಲಂ (ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 313ನೇ ಕಲಂ) ಇರದಿದ್ದರೆ, ಆಕೆ ಆಡದ ಮಾತೇ ಆಕೆಯ ಸಾಕ್ಷ್ಯವಾಗಿ ಉಳಿಯುತ್ತಿತ್ತು. ಆ ಉತ್ತರದಿಂದ ನನ್ನ ಕಕ್ಷಿದಾರನಿಗೆ ಲಾಭವಿತ್ತು ಎಂಬುದು ನಿಜ, ಆದರೆ ಅದನ್ನು ಹಿಡಿದುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಅಂದಿನಿಂದ ‘ಇಲ್ಲ’ವನ್ನೂ ‘ಅಲ್ಲವೇ’ಯನ್ನೂ ಒಂದೇ ಪ್ರಶ್ನೆಯಲ್ಲಿ ಸೇರಿಸುವುದನ್ನು ಬಿಟ್ಟಿದ್ದೇನೆ. ‘ನೀವು ಎಲ್ಲಿದ್ದಿರಿ? ಅಲ್ಲಿಂದ ಏನು ಕಾಣುತ್ತಿತ್ತು?’ ಎಂದು ಒಂದೊಂದೇ ಸಂಗತಿಯನ್ನು ಕೇಳುತ್ತೇನೆ. ಉತ್ತರ ‘ಹೂಂ’ ಎಂದೇ ಬಂದರೆ ‘ಇದ್ದಿರೋ, ಇರಲಿಲ್ಲವೋ?’ ಎಂದು ಬಿಡಿಸಿ ಕೇಳುತ್ತೇನೆ. ಸಾಕ್ಷಿ ‘ದೀಪ ಹಚ್ಚುವ ಹೊತ್ತು’ ಎಂದರೆ ಅದನ್ನು ಗಡಿಯಾರದ ಸಮಯಕ್ಕೆ ತಿರುಗಿಸದೆ ಹಾಗೆಯೇ ಬರೆಸಬೇಕೆಂದು ಕೋರುತ್ತೇನೆ, ಏಕೆಂದರೆ ಮುಖ ಗುರುತಿಸುವಷ್ಟು ಬೆಳಕಿತ್ತೇ ಎಂಬ ಪ್ರಶ್ನೆ ಆ ಮಾತಿನಲ್ಲೇ ಅಡಗಿರುತ್ತದೆ. ಪದವೇ ಮುಖ್ಯವಾದಾಗ ಆ ಭಾಗವನ್ನಷ್ಟೇ ಪ್ರಶ್ನೋತ್ತರ ರೂಪದಲ್ಲಿ ದಾಖಲಿಸಲು ಕೇಳಿಕೊಳ್ಳುತ್ತೇನೆ. ಈಗಿನ ಸಂಹಿತೆಯಲ್ಲಿ ವಾರಂಟ್ ಪ್ರಕರಣಗಳಿಗೆ (ಎರಡು ವರ್ಷಕ್ಕಿಂತ ಹೆಚ್ಚಿನ ಸೆರೆವಾಸದ ಶಿಕ್ಷೆಯಿರುವ ಅಪರಾಧಗಳಿಗೆ) 310ನೇ ಕಲಂ, ಸೆಷನ್ಸ್ ನ್ಯಾಯಾಲಯದ ವಿಚಾರಣೆಗೆ 311ನೇ ಕಲಂ ಅದನ್ನು ನ್ಯಾಯಾಧೀಶರ ವಿವೇಚನೆಗೆ ಬಿಟ್ಟಿವೆ. ಕೆಲಸದ ಒತ್ತಡದಲ್ಲಿ ಈ ಕೋರಿಕೆ ಎಲ್ಲ ಸಲವೂ ಈಡೇರುವುದಿಲ್ಲ.

ಸಂದಿಗ್ಧತೆ ಆರೋಪಿಗೆ ಅನುಕೂಲವಲ್ಲವೇ ಎಂದು ಕಿರಿಯ ವಕೀಲರು ಕೇಳುವುದುಂಟು. ಇತ್ತೀಚಿನ ಪ್ರಕರಣವೊಂದರಲ್ಲಿ ಇದೇ ಕ್ರಮದಲ್ಲಿ ಕೇಳಿದಾಗ ಸಾಕ್ಷಿ ನುಡಿದು, ದಾಖಲಾಗಿ, ಓದಿ ಹೇಳಿದಾಗಲೂ ಸರಿಯೆಂದು ಒಪ್ಪಿದ ಮಾತನ್ನು ನಾನು ಅವರಿಗೆ ತೋರಿಸುತ್ತೇನೆ: ‘ನಾನು ಹಟ್ಟಿಯ ಹಿಂದೆ ಇದ್ದೆ. ಜಗಳ ಕೇಳಿಸಿತು, ಯಾರು ಹೊಡೆದರೆಂದು ಕಾಣಲಿಲ್ಲ.’