ಕಾಲೇಜಿನವರೂ ಫ್ಯಾಕ್ಟರಿಯವರೂ ಸೇರಿ ಅಧ್ಯಯನ ಮಾಡುವುದು ಹೇಗೆ?

ಮಂಗಳೂರಿನ ಹೊರವಲಯದ ಗೇರುಬೀಜದ ಫ್ಯಾಕ್ಟರಿಯೊಂದರಲ್ಲಿ ಹೊಸಬರಿಗೆ ಕೆಲಸ ಕಲಿಸುವ ಜವಾಬ್ದಾರಿ ನನ್ನದಿತ್ತು. ಕೆಲಸದ ಜಾಗದಲ್ಲಿ ಜನ ಹೇಗೆ ಕಲಿಯುತ್ತಾರೆ ಎಂದು ಸಂಶೋಧನೆಗೆ ಬಂದವರನ್ನು ಬೇಕಾದಷ್ಟು ಕಂಡಿದ್ದೇನೆ. ಹೆಚ್ಚಿನವರು ಬರುವಾಗಲೇ ಅರುವತ್ತು ಪ್ರಶ್ನೆಗಳ ಫಾರ್ಮ್ ಹಿಡಿದು ಬರುತ್ತಿದ್ದರು. ಪ್ರತಿ ಪ್ರಶ್ನೆಗೂ 'ಸಂಪೂರ್ಣ ಒಪ್ಪುತ್ತೇನೆ'ಯಿಂದ ಶುರುವಾಗುವ ಐದು ಚೌಕ. ನಮ್ಮ ಹೆಂಗಸರು ಮೊದಲ ಚೌಕಕ್ಕೆ ಸಾಲಾಗಿ ಟಿಕ್ ಹಾಕಿ ಕೆಲಸಕ್ಕೆ ಮರಳುತ್ತಿದ್ದರು. ಅದರಲ್ಲೇ ಪ್ರಬಂಧವೂ ಆಗುತ್ತಿತ್ತು. ನಿಜವಾಗಿ ಸೇರಿ ಮಾಡುವುದಾದರೆ ದಾರಿ ಹೀಗೆ:

1. ಅನುಮತಿ: ಮಾಲಕರಿಂದ ಒಂದು ಪತ್ರ, ಕಾಲೇಜಿನಿಂದ ಒಂದು ಪತ್ರ.

2. ಕೂಲಿ: ತಿರುಳಿನ ಸಿಪ್ಪೆ ಸುಲಿಯುವ ಪೀಲಿಂಗ್‌ನವರಿಗೆ ಸಂಬಳ ಕೆ.ಜಿ. ಲೆಕ್ಕದಲ್ಲಿ. ಅರ್ಧ ಗಂಟೆ ಮಾತಾಡಿಸಿದರೆ ಅಷ್ಟು ಹಣ ಅವರ ಕೈಯಿಂದ ಹೋಯಿತು. ಅದನ್ನು ಯಾರು ತುಂಬಿಕೊಡುತ್ತಾರೆಂದು ಮೊದಲೇ ಬರೆದಿಡಿ. ಚಾ ಕುಡಿಯುವ ಹೊತ್ತಿನಲ್ಲಿ ಕೇಳಿ ಮುಗಿಸುತ್ತೇವೆ ಎನ್ನುವವರನ್ನು ನಾನಾದರೆ ಗೇಟಿನಲ್ಲೇ ನಿಲ್ಲಿಸುತ್ತೇನೆ.

3. ಪ್ರಶ್ನೆ: ಕಾಲೇಜಿನಿಂದ ತರಬೇಡಿ, ತಿರುಳನ್ನು ಗಾತ್ರ ನೋಡಿ ಬೇರ್ಪಡಿಸುವ ಗ್ರೇಡಿಂಗ್ ಮೇಜಿನ ಪಕ್ಕದಲ್ಲಿ ಒಂದು ವಾರ ಸುಮ್ಮನೆ ಕುಳಿತುಕೊಳ್ಳಿ. 'ತರಬೇತಿಯ ಪರಿಣಾಮಕಾರಿತ್ವ' ಎಂಬ ವಿಷಯ ಹೊತ್ತು ಬಂದ ಒಬ್ಬ ಹುಡುಗಿ ಹಾಗೆ ಕುಳಿತಳು. ವಾರ ಕಳೆಯುವಾಗ ಪ್ರಶ್ನೆ ನಮ್ಮಿಬ್ಬರದ್ದೂ ಆಗಿತ್ತು: 240 ಮತ್ತು 320 ಎಂಬ ತಿರುಳಿನ ಗ್ರೇಡುಗಳ ನಡುವೆ ಹೊಸಬರು ಎಡವುವುದು ಯಾಕೆ?

4. ಕೈ ನೋಡುವುದು: ಎಲ್ಲರೂ ಕೆಡಿಸುವುದು ಇಲ್ಲಿಯೇ. ಡಬ್ಲ್ಯು 240 ಎಂದರೆ ಒಂದು ಪೌಂಡಿಗೆ, ಅಂದರೆ 454 ಗ್ರಾಮಿಗೆ, 220ರಿಂದ 240 ಇಡೀ ತಿರುಳು. ಡಬ್ಲ್ಯು 320ರಲ್ಲಿ 300ರಿಂದ 320. ಒಂದೊಂದು ತಿರುಳಿಗೆ ವ್ಯತ್ಯಾಸ ಹೆಚ್ಚುಕಮ್ಮಿ ಅರ್ಧ ಗ್ರಾಂ. ಹೇಗೆ ಗೊತ್ತಾಗುತ್ತದೆ ಅಕ್ಕಾ ಎಂದು ಕೇಳಿದರೆ ತುಳುವಿನಲ್ಲಿ ಬರುವ ಉತ್ತರ ಒಂದೇ: "ತೂನಗ ಗೊತ್ತಾಪುಂಡು." ನೋಡುವಾಗ ಗೊತ್ತಾಗುತ್ತದೆ. ಅದನ್ನೇ ಬರೆದುಕೊಂಡು ಹೋದವರಿದ್ದಾರೆ.

ಹೀಗೆ ಮಾಡಿ. ಎರಡೂ ಗ್ರೇಡ್ ಬೆರೆಸಿ ಟ್ರೇಗೆ ಸುರಿಯಿರಿ. ಮೊಬೈಲನ್ನು ಮೇಲಿನಿಂದ ಕಟ್ಟಿ ನುರಿತ ಅಕ್ಕನೊಬ್ಬರ ಕೈಗಳ ವಿಡಿಯೊ ಮಾತ್ರ ಮಾಡಿ, ಮುಖ ಬೇಡ. ಹತ್ತು ನಿಮಿಷ ಸಾಕು. ಅದೇ ದಿನ ಆ ಅಕ್ಕನ ಜೊತೆ ಕುಳಿತು ನಿಧಾನಕ್ಕೆ ಓಡಿಸಿ, ಕೈ ತಡೆದಲ್ಲಿ ನಿಲ್ಲಿಸಿ. "ಇಲ್ಲಿ ಎಂತ ಆಯ್ತು?" ಎಂದಷ್ಟೇ ಕೇಳಿ, ಮತ್ತೆ ಬಾಯಿ ಮುಚ್ಚಿಕೊಳ್ಳಿ. ನಮ್ಮ ಅಕ್ಕ ಎಡಗೈ ಹೆಬ್ಬೆರಳ ಬುಡದಲ್ಲಿ ಒಂದು ತಿರುಳು ಸಿಕ್ಕಿಸಿಕೊಂಡೇ ಇದ್ದರು. ಸಂಶಯ ಬಂದದ್ದನ್ನೆಲ್ಲ ಅದರ ಪಕ್ಕ ತಾಗಿಸಿ ನೋಡುತ್ತಿದ್ದರು. ವಿಡಿಯೊ ಕಂಡು ಅವರಿಗೇ ನಗು. ಇಷ್ಟು ವರ್ಷ ಹೊಸಬರಿಗೆ ಅದನ್ನು ಹೇಳಿರಲೇ ಇಲ್ಲ, ಹೇಳಬೇಕಾದ ವಿಷಯವೆಂದು ಅವರಿಗೆ ಅನಿಸಿಯೂ ಇರಲಿಲ್ಲ.

ಮಾತು ತುಳುವಿನಲ್ಲೇ ಇರಲಿ. ಮಾತನ್ನು ಅಕ್ಷರಕ್ಕಿಳಿಸುವ ಆ್ಯಪ್ ನಂಬಬೇಡಿ. ನಾವು ಹಾಕಿ ನೋಡಿದ್ದು ತುಳುವನ್ನು ಅರ್ಥವಿಲ್ಲದ ಕನ್ನಡ ಮಾಡಿಟ್ಟಿತ್ತು. ಕಿವಿಗೆ ಹೆಡ್‌ಫೋನ್ ಹಾಕಿ ಕೈಯಲ್ಲೇ ಬರೆಯಿರಿ, ಸೊಂಟ ನೋಯುತ್ತದೆ, ನೋಯಲಿ.

5. ಮಾಡಿ ನೋಡುವುದು: ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ 1946ರಲ್ಲಿ ವಿವರಿಸಿದ ಕ್ರಿಯಾ ಸಂಶೋಧನೆಯ ದಾರಿ ಇದೇ. ಯೋಜಿಸು, ಮಾಡು, ಏನಾಯಿತೆಂದು ನೋಡು, ಮತ್ತೆ ಯೋಜಿಸು. ಹೊಸಬರ ಕೈಗೂ ಮಾದರಿ ತಿರುಳು ಕೊಟ್ಟೆವು. ಒಂದು ತಂಡಕ್ಕೆ ಮಾತ್ರ ಕೊಡಿ, ಇನ್ನೊಂದಕ್ಕೆ ಬೇಡ. ಇಲ್ಲದಿದ್ದರೆ ಏನಾಯಿತೆಂದು ತಿಳಿಯುವುದು ಹೇಗೆ?

6. ಮರಳಿ ಒಪ್ಪಿಸುವುದು: ಪ್ರಬಂಧ ಗೈಡ್ ಕೈಗೆ ಹೋಗುವ ಮೊದಲು ಗ್ರೇಡಿಂಗ್ ಮೇಜಿಗೆ ಬರಬೇಕು. ಹುಡುಗಿ ಬರೆದದ್ದನ್ನು ತುಳುವಿನಲ್ಲಿ ಹೇಳಿದಳು. ಅಕ್ಕ ಪೂರ್ತಿ ಕೇಳಿ ಅಂದರು: "ಇದು ಬೇಸಿಗೆಯದ್ದಾಯ್ತು ಮಗಾ. ಆಟಿ ತಿಂಗಳ ಮಳೆಯಲ್ಲಿ ಬಾ, ಕಿಟಕಿಯಲ್ಲಿ ಬೆಳಕಿಲ್ಲದಾಗ ನಾನು ಬೇರೆಯೇ ಮಾಡುವುದು." ಪ್ರಬಂಧಕ್ಕೆ ನಾಲ್ಕು ತಿಂಗಳು ತಡವಾಯಿತು. ನೀವು ವೇಳಾಪಟ್ಟಿ ಬರೆಯುವಾಗ ಒಂದು ಮಳೆಗಾಲ ಸೇರಿಸಿಯೇ ಬರೆಯಿರಿ.