ಉದ್ದ ಕೂದಲಿನ ಬೆಕ್ಕಿಗೆ ಗಂಟು ಕಟ್ಟದಂತೆ ಬಾಚುವುದು ಹೇಗೆ?

ಕೋಲಾರದ ಬಿಸಿಲು ನೋಡಿ ಪರ್ಷಿಯನ್ ಬೆಕ್ಕನ್ನು ಪೂರ್ತಿ ಬೋಳಿಸಬೇಡಿ, ಚರ್ಮಕ್ಕೆ ನೇರವಾಗಿ ಬಿಸಿಲು ಬಡಿಯುತ್ತದೆ. ಅದರ ಬದಲು ದಿನಾ ಬಾಚಿ.

ಅಗಲ ಹಲ್ಲಿನ ಸ್ಟೀಲ್ ಬಾಚಣಿಗೆ ಸಾಕು, ದುಬಾರಿ ಸಾಮಾನೇನೂ ಬೇಡ. ಬೆನ್ನನ್ನು ಎಲ್ಲರೂ ಬಾಚುತ್ತಾರೆ, ಆದರೆ ಗಂಟು ಕಟ್ಟೋದು ಕಿವಿ ಹಿಂದೆ, ಕಂಕುಳಲ್ಲಿ, ಹೊಟ್ಟೆ ಮತ್ತು ತೊಡೆ ಸಂದಿಯಲ್ಲಿ. ಕೂದಲಿನ ಬುಡವನ್ನು ಎರಡು ಬೆರಳಲ್ಲಿ ಹಿಡಿದುಕೊಂಡು, ತುದಿಯಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಬುಡದ ಕಡೆ ಬನ್ನಿ, ಆಗ ಚರ್ಮ ಎಳೆಯುವುದಿಲ್ಲ, ಬೆಕ್ಕೂ ಸುಮ್ನೆ ಕೂರುತ್ತದೆ. ಹಿತ್ತಲಿಗೆ ಹೋಗಿ ಬಂದಿದ್ದರೆ ಉತ್ತರಾಣಿ ಬೀಜ ಅಂಟಿರುತ್ತದೆ, ಮೊದಲು ಅದನ್ನು ಕೈಯಲ್ಲೇ ಕಿತ್ತುಬಿಡಿ.

ಗಂಟಾಗಿದ್ದರೆ ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿ ಬೆರಳಲ್ಲೇ ಬಿಡಿಸಿ. ಕತ್ತರಿ ಮಾತ್ರ ಬೇಡವೇ ಬೇಡ! ಬೆಕ್ಕಿನ ಚರ್ಮ ತುಂಬಾ ತೆಳು, ಗಂಟು ಎತ್ತಿದರೆ ಅದೂ ಜೊತೆಗೇ ಎದ್ದು ಬರುತ್ತದೆ, ಕೂದಲು ಅಂದುಕೊಂಡು ಚರ್ಮವನ್ನೇ ಕತ್ತರಿಸಿಬಿಡುತ್ತೀರಿ.

ಸ್ನಾನಕ್ಕೆ ಮುಂಚೆಯೇ ಬಾಚಿ, ಒದ್ದೆಯಾದ ಗಂಟು ಇನ್ನೂ ಬಿಗಿಯಾಗುತ್ತದೆ. ನಮ್ಮ ಶಾಂಪೂ ಹಾಕಬೇಡಿ. ಕಣ್ಣಿನ ಪಿಸುರನ್ನು ಕಾಯಿಸಿ ಆರಿಸಿದ ನೀರಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಒಂದೊಂದು ಕಣ್ಣಿಗೆ ಬೇರೆ ಬೇರೆ ಹತ್ತಿ.

ಗಂಟು ಚರ್ಮಕ್ಕೇ ಅಂಟಿಕೊಂಡಿದ್ದರೆ, ಕೆಳಗೆ ಕೆಂಪಗಾಗಿದ್ದರೆ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ಅವರು ಮಷೀನಲ್ಲಿ ತೆಗೆಯುತ್ತಾರೆ.