ಮೂರು ಐಟಂ, ಒಂದೇ ರೇಟು: ಬ್ರಿಟನ್ನಿನಲ್ಲಿ ಮೀಲ್ ಡೀಲ್ ಕೊಳ್ಳುವುದು ಹೇಗೆ?

ಸೆಪ್ಟೆಂಬರ್ ಹತ್ತಿರ ಬಂತೆಂದರೆ ಓದಲು ಬ್ರಿಟನ್‌ಗೆ ಹೊರಟವರ ಸೂಟ್‌ಕೇಸಿಗೆ ಕುಕ್ಕರ್, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಎಲ್ಲ ಸೇರಿಕೊಳ್ಳುತ್ತವೆ. ರಾತ್ರಿ ಊಟ ಅದರಲ್ಲೇ ನಡೆದುಹೋಗುತ್ತದೆ. ಕಷ್ಟ ಆಗೋದು ಮಧ್ಯಾಹ್ನ. ಹನ್ನೆರಡಕ್ಕೆ ಒಂದು ಕ್ಲಾಸು ಮುಗಿಯುತ್ತದೆ, ಒಂದು ಗಂಟೆಗೆ ಇನ್ನೊಂದು. ರೂಮಿಗೆ ಹೋಗಿ ಬರುವಷ್ಟು ಟೈಮಿಲ್ಲ, ಹೋಟೆಲಿಗೆ ಹೋಗುವಷ್ಟು ದುಡ್ಡಿಲ್ಲ. ಆಗ ಎಲ್ಲರೂ ನುಗ್ಗುವುದು ಸೂಪರ್‌ಮಾರ್ಕೆಟ್ಟಿನ ಮೀಲ್ ಡೀಲ್ ಕಪಾಟಿಗೆ.

ಲೆಕ್ಕ ಸರಳ. ಒಂದು ಮೇನ್, ಅಂದರೆ ಸ್ಯಾಂಡ್‌ವಿಚ್, ರ‍್ಯಾಪ್, ಪಾಸ್ತಾ ಅಥವಾ ಸಲಾಡ್. ಒಂದು ತಿಂಡಿ. ಒಂದು ಕುಡಿಯುವುದು. ಮೂರೂ ಸೇರಿ ಒಂದೇ ಬೆಲೆ. ನಮ್ಮ ಹೋಟೆಲಿನ ಮಿನಿ ಮೀಲ್ಸ್ ಹಾಗೆ ಅವರು ಕೊಟ್ಟಿದ್ದು ತಿನ್ನುವುದಲ್ಲ, ಆರಿಸಿಕೊಳ್ಳುವವರು ನಾವು. ಎಲ್ಲ ತಣ್ಣಗೇ ಇರುತ್ತದೆ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಿ.

ಮೊದಲು ಕಾರ್ಡ್ ಮಾಡಿಸಿ

ಟೆಸ್ಕೊ ಅನ್ನುವ ಸೂಪರ್‌ಮಾರ್ಕೆಟ್ಟಿನಲ್ಲಿ 2022ರ ಅಕ್ಟೋಬರ್‌ವರೆಗೆ ಮೀಲ್ ಡೀಲ್ 3 ಪೌಂಡ್ ಇತ್ತು. 2025ರ ಆಗಸ್ಟ್ ಹೊತ್ತಿಗೆ ಅದು 3.85 ಆಯಿತು. ಇದು ಅವರ ರಿಯಾಯಿತಿ ಕಾರ್ಡಾದ ಕ್ಲಬ್‌ಕಾರ್ಡ್ ಇದ್ದವರಿಗೆ. ಇಲ್ಲದವರಿಗೆ 4.25. ಕಾರ್ಡು ಪುಕ್ಕಟೆ, ಮೊಬೈಲ್ ಆ್ಯಪ್‌ನಲ್ಲೇ ಸಿಗುತ್ತದೆ. ಹೋದ ಮೊದಲ ದಿನವೇ ಮಾಡಿಕೊಳ್ಳಿ. ಬೂಟ್ಸ್ ಅಂಗಡಿಗೆ ಅಡ್ವಾಂಟೇಜ್ ಕಾರ್ಡ್ ಅಂತ ಬೇರೆ ಇದೆ. ಬೂಟ್ಸ್ ಮೂಲತಃ ಔಷಧಿ ಅಂಗಡಿ. ಜ್ವರದ ಮಾತ್ರೆ ಪಕ್ಕದಲ್ಲಿ ಸ್ಯಾಂಡ್‌ವಿಚ್ ಇಟ್ಟಿರುವುದನ್ನು ನೋಡಿ ನನಗೆ ನಗು ಬಂದಿತ್ತು. ಆದರೆ ಮೀಲ್ ಡೀಲ್ ವಿಷಯದಲ್ಲಿ ಅಲ್ಲಿನವರಿಗೆ ಮೊದಲು ನೆನಪಾಗುವ ಹೆಸರುಗಳಲ್ಲಿ ಅದೂ ಒಂದು.

ಪೌಂಡನ್ನು ರೂಪಾಯಿಗೆ ಗುಣಿಸಲು ಹೋಗಬೇಡಿ. ನಾನೂರು ದಾಟುತ್ತದೆ. ಅಷ್ಟಕ್ಕೆ ದರ್ಶಿನಿಯಲ್ಲಿ ಎಷ್ಟು ಪ್ಲೇಟ್ ಇಡ್ಲಿ-ವಡೆ ಬರುತ್ತಿತ್ತು ಅಂತ ಲೆಕ್ಕ ಹಾಕುತ್ತಾ ನಿಂತರೆ ಊಟದ ಟೈಮೇ ಮುಗಿದಿರುತ್ತದೆ.

ಕುಡಿಯೋದರಿಂದ ಶುರು ಮಾಡಿ

ಎಲ್ಲರೂ ಸ್ಯಾಂಡ್‌ವಿಚ್ ಮೊದಲು ಆರಿಸುತ್ತಾರೆ. ನಾನು ಹೇಳೋದು ಉಲ್ಟಾ. ಉಳಿತಾಯ ಆಗೋದು, ಆಗದೇ ಇರೋದು ಕುಡಿಯುವ ಬಾಟಲಿಯಲ್ಲಿ.

ಲೆಕ್ಕಕ್ಕೆ ಹೀಗಿಟ್ಟುಕೊಳ್ಳಿ. ಸ್ಯಾಂಡ್‌ವಿಚ್ 2.75, ಚಿಪ್ಸ್ 1.25, ಹಣ್ಣಿನ ಸ್ಮೂದಿ 2.50. ಬಿಡಿಬಿಡಿಯಾಗಿ ಕೊಂಡರೆ 6.50. ಡೀಲ್‌ನಲ್ಲಿ 3.85. ಉಳಿದಿದ್ದು 2 ಪೌಂಡ್ 65 ಪೆನ್ಸ್. ಸ್ಮೂದಿ ಜಾಗದಲ್ಲಿ 85 ಪೆನ್ಸಿನ ನೀರಿನ ಬಾಟಲಿ ಇಟ್ಟರೆ ಉಳಿಯೋದು ಒಂದೇ ಪೌಂಡ್. ಅಲ್ಲಿ ನಲ್ಲಿ ನೀರು ಧಾರಾಳವಾಗಿ ಕುಡಿಯಬಹುದು. ಹಾಗಿರುವಾಗ ನೀರಿಗೆ ದುಡ್ಡು ಕೊಡೋದೇ ದಂಡ ಅಲ್ವಾ? ಸ್ಮೂದಿ, ಪ್ರೋಟೀನ್ ಡ್ರಿಂಕ್, ತಣ್ಣನೆ ಕಾಫಿ, ಇವುಗಳ ಮೇಲೆ ಕೈ ಹಾಕಿ. ಬಾಟಲಿ ಈಗ ಬೇಡ ಅನಿಸಿದರೆ ಬ್ಯಾಗಿಗೆ ಹಾಕಿಕೊಳ್ಳಿ, ಮುಂದಿನ ಕ್ಲಾಸು ಮುಗಿದ ಮೇಲೆ ಆಗುತ್ತದೆ.

ಇಲ್ಲೊಂದು ಮೋಸ ಹೋಗುವ ಜಾಗ ಇದೆ. ಕಪಾಟಿನಲ್ಲಿರುವ ಎಲ್ಲ ಬಾಟಲಿಯೂ ಡೀಲ್‌ಗೆ ಸೇರಿರುವುದಿಲ್ಲ. ಹೋದ ಹೊಸತರಲ್ಲಿ ನಾನು ಒಂದು ಅಂಗಡಿಯಲ್ಲಿ ದೊಡ್ಡ ಕಿತ್ತಳೆ ಜ್ಯೂಸ್ ಎತ್ತಿಕೊಂಡೆ. ಚಿಕ್ಕ ಬಾಟಲಿ ಮಾತ್ರ ಡೀಲ್‌ನದ್ದು, ದೊಡ್ಡದು ಅಲ್ಲ. ಬಿಲ್ಲು ಏಳು ಪೌಂಡ್ ಚಿಲ್ಲರೆ ಬಂತು. ಹಿಂದೆ ಕ್ಯೂ ಇತ್ತು, ನಾಚಿಕೆಗೆ ಸುಮ್ನೆ ಕೊಟ್ಟು ಬಂದೆ. ಬಾಟಲಿಯ ಕೆಳಗೆ ಕಪಾಟಿನ ಅಂಚಿನಲ್ಲಿ ಅಂಟಿಸಿದ ರೇಟಿನ ಚೀಟಿ ನೋಡಿ. ಅದರಲ್ಲಿ ‘ಮೀಲ್ ಡೀಲ್’ ಅಂತ ಬರೆದಿದ್ದರೆ ಮಾತ್ರ ತಗೊಳ್ಳಿ.

ಸ್ಯಾಂಡ್‌ವಿಚ್ ತಿರುಗಿಸಿ ಓದಿ

ತ್ರಿಕೋನದ ಡಬ್ಬಿ, ಒಳಗೆ ಕಾಣುವ ಹಾಗೆ ಕಿಟಕಿ. ಬ್ರಿಟನ್ನಿನಲ್ಲಿ ಹೀಗೆ ಪ್ಯಾಕ್ ಮಾಡಿದ ಸ್ಯಾಂಡ್‌ವಿಚ್ಚನ್ನು ಮಾರ್ಕ್ಸ್ ಆ್ಯಂಡ್ ಸ್ಪೆನ್ಸರ್ 1980ರಲ್ಲಿ ಮಾರಲು ಶುರು ಮಾಡಿತು. ಕಿಟಕಿಯ ಕಡೆ ಹೂರಣವೆಲ್ಲ ತುಂಬಿ ತುಳುಕುತ್ತಿರುತ್ತದೆ. ಮೂಲೆಗೆ ಹೋದರೆ ಬರೀ ಬ್ರೆಡ್ಡು. ಅದಕ್ಕೆ ನೋಟಕ್ಕೆ ಮರುಳಾಗದೆ ಹಿಂಬದಿ ಓದಿ.

ಸಸ್ಯಾಹಾರಿಗಳು ಎಡವೋದು ಇಲ್ಲೇ. ಅಲ್ಲಿ ‘ವೆಜಿಟೇರಿಯನ್’ ಅಂದರೆ ಮೊಟ್ಟೆ ಇರಬಹುದು. ‘ಎಗ್ ಮೇಯೊ’ ಹೆಸರಲ್ಲೇ ಗೊತ್ತಾಗುತ್ತದೆ ಬಿಡಿ. ಆದರೆ ಬರೀ ‘ಚೀಸ್ ಆ್ಯಂಡ್ ಆನಿಯನ್’ ಅಂತ ಬರೆದಿದ್ದರೂ ಒಳಗೆ ಮೇಯನೇಸ್ ಕಲಸಿರುತ್ತಾರೆ, ಅದರಲ್ಲಿ ಮೊಟ್ಟೆ ಇರುತ್ತದೆ. ಮೊಟ್ಟೆಯೂ ಬೇಡ ಅನ್ನುವವರು ‘ವೀಗನ್’ ಅಂತ ಹುಡುಕಿ. ಕಾಬೂಲಿ ಕಡಲೆಯ ವಡೆ, ಚಟ್ನಿ ಇರುವ ಫಲಾಫೆಲ್-ಹಮ್ಮಸ್ ರ‍್ಯಾಪ್ ಸಾಮಾನ್ಯವಾಗಿ ಸಿಗುತ್ತದೆ. ಈರುಳ್ಳಿ-ಬೆಳ್ಳುಳ್ಳಿ ತಿನ್ನದವರಿಗೆ ಅದೂ ಆಗದು, ಹಮ್ಮಸ್‌ನಲ್ಲಿ ಬೆಳ್ಳುಳ್ಳಿ ಹಾಕಿರುತ್ತಾರೆ. ಪಾಸ್ತಾದ ಮೇಲೆ ಪಾರ್ಮೆಸನ್ ಚೀಸ್ ಇದ್ದರೆ ಹುಷಾರು. ಅಸಲಿ ಪಾರ್ಮೆಸನ್ ಮಾಡುವಾಗ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ.

ಅಲರ್ಜಿ ಇದ್ದವರಿಗೆ ಓದುವ ಕೆಲಸ ಸುಲಭ. ಕಡಲೆಕಾಯಿ, ಎಳ್ಳು, ಹಾಲು ಸೇರಿ 14 ಅಲರ್ಜಿ ಪದಾರ್ಥಗಳನ್ನು ಪಟ್ಟಿಯಲ್ಲಿ ಎದ್ದು ಕಾಣುವ ಹಾಗೆ ಅಚ್ಚು ಹಾಕಬೇಕು. ಅಂಗಡಿಯಲ್ಲೇ ಮಾಡಿ ಪ್ಯಾಕ್ ಮಾಡಿದ ತಿಂಡಿಗೂ ಪೂರ್ತಿ ಪಟ್ಟಿ ಕಡ್ಡಾಯವಾಗಿದ್ದು 2021ರ ಅಕ್ಟೋಬರ್‌ನಲ್ಲಿ. ಅದನ್ನು ‘ನತಾಶಾ ಕಾನೂನು’ ಅನ್ನುತ್ತಾರೆ. ಬ್ಯಾಗೆಟ್ ಎಂಬ ಉದ್ದನೆ ಬ್ರೆಡ್‌ನಲ್ಲಿದ್ದ ಎಳ್ಳು ಅಲರ್ಜಿಯಾಗಿ 2016ರಲ್ಲಿ ತೀರಿಕೊಂಡ ಹುಡುಗಿಯ ಹೆಸರು ಅದು. ಪೊಟ್ಟಣದ ಮೇಲೆ ಎಳ್ಳು ಅಂತ ಬರೆದೇ ಇರಲಿಲ್ಲ.

ತಿಂಡಿ

ಇದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಚಿಪ್ಸ್‌ಗೆ ಅಲ್ಲಿ ‘ಕ್ರಿಸ್ಪ್ಸ್’ ಅನ್ನಬೇಕು, ಚಿಪ್ಸ್ ಅಂದರೆ ಬಿಸಿ ಆಲೂಗಡ್ಡೆ ತುಂಡು ಕರಿದು ಕೊಡುತ್ತಾರೆ. ಒಂದು ತಮಾಷೆ: ವಾಕರ್ಸ್ ಕಂಪನಿಯ ಗುಲಾಬಿ ಪ್ಯಾಕೆಟ್ಟಿನ ಮೇಲೆ ‘ಪ್ರಾನ್ ಕಾಕ್‌ಟೇಲ್’ ಅಂತ ಇರುತ್ತದೆ, ಒಳಗೆ ಸಿಗಡಿಯ ಸುಳಿವೂ ಇಲ್ಲ. ಸಸ್ಯಾಹಾರಿಗಳು ತಿನ್ನಬಹುದು. ಅದೇ ಮುಗ್ಧವಾಗಿ ಕಾಣುವ ಜೆಲ್ಲಿ ಮಿಠಾಯಿಯಲ್ಲಿ ಪ್ರಾಣಿಯ ಜೆಲಾಟಿನ್ ಇರಬಹುದು. ಹೊಟ್ಟೆ ತುಂಬಬೇಕು ಅಂದರೆ ಹೆಚ್ಚಿದ ಹಣ್ಣಿನ ಡಬ್ಬಿ ಬೇಡ, ನಾಲ್ಕು ತುಂಡಿಗೆ ಮುಗಿದುಹೋಗುತ್ತದೆ.

ಮೆಷಿನ್ ಮುಂದೆ

ಹೆಚ್ಚಿನ ಕಡೆ ಬಿಲ್ಲನ್ನು ಮೆಷಿನ್ನಿನಲ್ಲಿ ನೀವೇ ಮಾಡಿಕೊಳ್ಳಬೇಕು. ಮೂರನ್ನೂ ಸ್ಕ್ಯಾನ್ ಮಾಡಿದಾಗ ಪರದೆಯ ಮೇಲೆ ಪೂರಾ ಬೆಲೆ ಕಾಣುತ್ತದೆ. ಗಾಬರಿ ಬೇಡ. ಆ್ಯಪ್ ತೆರೆದು ಕಾರ್ಡ್ ತೋರಿಸಿ. ಡೀಲ್‌ನ ಉಳಿತಾಯದಷ್ಟು ದುಡ್ಡು ಕೆಳಗೆ ಕಡಿತವಾಗುತ್ತದೆ. ಕಡಿತವಾಗಿದ್ದು ಕಣ್ಣಿಗೆ ಕಂಡ ಮೇಲೇ ದುಡ್ಡು ಕೊಡಿ. ಕಾಣದಿದ್ದರೆ ಅಲ್ಲೇ ಓಡಾಡುತ್ತಿರುವ ಅಂಗಡಿಯವರನ್ನು ಕರೆಯಿರಿ. ನನ್ನ ಹಾಗೆ ನಾಚಿಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ ಕವರಿಗೆ ಕನಿಷ್ಠ 10 ಪೆನ್ಸ್ ಬೇರೆ, ಒಂದು ಬಟ್ಟೆ ಚೀಲ ಜೊತೆಗಿರಲಿ.

ಹನ್ನೆರಡೂವರೆಯಿಂದ ಒಂದೂಕಾಲು ಗಂಟೆಯವರೆಗೆ ಜನ ಜಾಸ್ತಿ. ಒಂದೂವರೆಗೆ ಹೋದರೆ ಯಾರಿಗೂ ಬೇಡವಾದ ಸ್ಯಾಂಡ್‌ವಿಚ್‌ಗಳು ಮಾತ್ರ ನಿಮ್ಮ ದಾರಿ ಕಾಯುತ್ತಿರುತ್ತವೆ. ನಾನು ಹನ್ನೊಂದಕ್ಕೇ ಕೊಂಡು ಬ್ಯಾಗಿನಲ್ಲಿ ಇಟ್ಟುಕೊಳ್ಳುತ್ತಿದ್ದೆ. ಫ್ರಿಜ್ಜಿನಿಂದ ಹೊರಗೆ ಬಂದದ್ದನ್ನು ನಾಲ್ಕು ಗಂಟೆಯೊಳಗೆ ತಿಂದು ಮುಗಿಸಿ. ತಿನ್ನಲು ಪಾರ್ಕಿನ ಬೆಂಚು ಸಾಕು. ಬ್ರೈಟನ್‌ನಂಥ ಸಮುದ್ರದ ಊರಾದರೆ ಮಾತ್ರ ತಲೆ ಮೇಲೊಂದು ಕಣ್ಣಿರಲಿ, ಕಡಲಹಕ್ಕಿಗಳು ಕೈಯಿಂದಲೇ ಕಿತ್ತುಕೊಂಡು ಹೋಗುತ್ತವೆ.

ಯಾವಾಗ ಬೇಡ?

ಬರೀ ಸ್ಯಾಂಡ್‌ವಿಚ್ ಸಾಕು ಅನಿಸಿದ ದಿನ ಬೇಡ. ಮೇಲಿನ ಲೆಕ್ಕದಲ್ಲೇ ಸ್ಯಾಂಡ್‌ವಿಚ್ಚಿಗೆ 2.75. ಡೀಲ್‌ಗಿಂತ 1 ಪೌಂಡ್ 10 ಪೆನ್ಸ್ ಕಡಿಮೆ. ‘ಇನ್ನೆರಡು ಸಿಗುತ್ತಲ್ಲ’ ಅನ್ನುವ ಆಸೆಗೆ ಬಿದ್ದೇ ಎಷ್ಟೋ ಚಿಪ್ಸ್ ಪ್ಯಾಕೆಟ್ ನನ್ನ ರೂಮಿನಲ್ಲಿ ರಾಶಿ ಬಿದ್ದಿದ್ದವು. ವಾರಕ್ಕೆ ಐದು ದಿನ ತಗೊಂಡರೆ 19 ಪೌಂಡ್ ದಾಟುತ್ತದೆ. ಅಷ್ಟರಲ್ಲಿ ಅಕ್ಕಿ, ಬೇಳೆ, ತರಕಾರಿ ಬರುತ್ತವೆ. ನಾನು ಮೂರು ದಿನ ಡಬ್ಬಿಯಲ್ಲಿ ಚಿತ್ರಾನ್ನ, ಎರಡು ದಿನ ಮೀಲ್ ಡೀಲ್ ಅಂತ ಮಾಡಿಕೊಂಡಿದ್ದೆ.

ಸಂಜೆ ಪುರುಸೊತ್ತಿದ್ದರೆ ಅದೇ ಕಪಾಟಿಗೆ ಇನ್ನೊಮ್ಮೆ ಹೋಗಿ. ಆ ದಿನ ಮುಗಿಯುವ ಸ್ಯಾಂಡ್‌ವಿಚ್‌ಗಳಿಗೆ ಹಳದಿ ಚೀಟಿ ಅಂಟಿಸಿ ಬೆಲೆ ಇಳಿಸಿರುತ್ತಾರೆ. ಡಬ್ಬಿಯ ಮೇಲಿನ ‘ಯೂಸ್ ಬೈ’ ತಾರೀಖು ಇವತ್ತಿನದಾದರೆ ಇವತ್ತು ರಾತ್ರಿ ಹನ್ನೆರಡರವರೆಗೆ ತಿನ್ನಬಹುದು. ನಾಳೆ ಬೆಳಗ್ಗೆಗೆ ಅಂತ ಎತ್ತಿಡಬೇಡಿ, ವಾಸನೆ ಎಷ್ಟೇ ಚೆನ್ನಾಗಿದ್ದರೂ.